ಬಿದಿರ ಮೆಳೆಯಿಂದ ಬೀದರದವರೆಗೆ

ಮಗುವಿಗೆ ಹೆಸರಿಡುವುದಕ್ಕೆ ತೊಟ್ಟಿಲುಂಟು, ಪಂಚಾಂಗವುಂಟು, ಕಿವಿಯಲ್ಲಿ ಹೆಸರನ್ನು ಉಸುರಲು ಸೋದರತ್ತೆಯುಂಟು. ಊರಿಗೆ ಹೆಸರು ಬೀಳುವಾಗ ಇವಾವುವೂ ಇರುವುದಿಲ್ಲ. ದಾರಿ ಕೇಳಿದವನಿಗೆ ಯಾರೋ ಒಂದು ಮರದ ಗುರುತು ಹೇಳುತ್ತಾರೆ. ಅವನು ಅದನ್ನೇ ಮತ್ತೊಬ್ಬನಿಗೆ ಹೇಳುತ್ತಾನೆ. ನಾಲ್ಕು ತಲೆಮಾರು ಕಳೆಯುವಷ್ಟರಲ್ಲಿ ಮರ ಉರುಳಿ ಹೋಗಿರುತ್ತದೆ, ಗುರುತು ಮಾತ್ರ ಹೆಸರಾಗಿ ಉಳಿದಿರುತ್ತದೆ. ಮುಂದೊಂದು ದಿನ ಮನೆಯ ಮಗು ಪಾಠಪುಸ್ತಕದಿಂದ ತಲೆಯೆತ್ತಿ, “ನಮ್ಮ ಊರಿಗೆ ಈ ಹೆಸರು ಏಕೆ ಬಂತು?” ಎಂದು ಕೇಳಿದರೆ ಹಿರಿಯರು ತಡವರಿಸುವರು, ಇಲ್ಲವೆ ಒಂದು ಪುರಾಣದ ಕಥೆಯನ್ನು ಹೇಳಿ ಪಾರಾಗುವರು.

ಕನ್ನಡ ನಾಡಿನ ಉತ್ತರದ ತುದಿಯಲ್ಲಿರುವ ಬೀದರ, ಭಾಲ್ಕಿ, ಔರಾದಗಳ ಸೀಮೆಯಲ್ಲಿ ಈ ಪ್ರಶ್ನೆ ಇನ್ನಷ್ಟು ತೊಡಕಿನದು. ಅಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಒಂದೇ ಸಂತೆಯಲ್ಲಿ ವ್ಯಾಪಾರ ಮಾಡುತ್ತವೆ. ಒಂದು ಹೆಸರನ್ನು ನಾಲ್ಕು ನಾಲಗೆಗಳು ನಾಲ್ಕು ಬಗೆಯಾಗಿ ನುಡಿದಿವೆ. ಮೂರು ನಾಲ್ಕು ಲಿಪಿಗಳಲ್ಲಿ ಅದನ್ನು ಬರೆದಿದ್ದಾರೆ. ಆದರೂ ಹೆಸರುಗಳಿಗೆ ಒಂದು ವ್ಯಾಕರಣವುಂಟು. ಆ ವ್ಯಾಕರಣವನ್ನು ಹಿಡಿದು ಹೊರಟರೆ ಬಹುದೂರ ಹೋಗಬಹುದು.

ಮೊದಲು ಬೀದರವನ್ನೇ ನೋಡೋಣ. ಅದರ ಹೆಸರಿಗೆ ಮೂರು ಉತ್ತರಗಳು ಪ್ರಚಾರದಲ್ಲಿವೆ. ಮಹಾಭಾರತದ ವಿದುರ ಇಲ್ಲಿದ್ದನೆಂದೂ ಆದುದರಿಂದ ಇದು ವಿದುರನಗರವೆಂದೂ ಜನರ ನಂಬಿಕೆ. ಇತಿಹಾಸಕಾರ ಫಿರಿಶ್ತಾ ಈ ಊರನ್ನು ನಳದಮಯಂತಿಯರ ಕಥೆಗೆ ಸೇರಿಸಿದ. ದಮಯಂತಿಯ ತೌರಾದ ವಿದರ್ಭವೇ ಬೀದರವಾಯಿತೆಂಬ ಮಾತು ಅಲ್ಲಿಂದ ಹಬ್ಬಿತು. ಮೂರನೆಯ ಉತ್ತರ ಬಲು ಸಾಧಾರಣವಾದದ್ದು: ಬಿದಿರು ಬೆಳೆದಿದ್ದ ಎಡೆ, ಆದುದರಿಂದ ಬೀದರ.

ಈ ಮೂರನ್ನೂ ನುಡಿಯ ನಿಯಮದ ಮುಂದೆ ನಿಲ್ಲಿಸಬೇಕು. ಸಂಸ್ಕೃತದ ವಕಾರ ಕನ್ನಡಕ್ಕೆ ಬಂದಾಗ ಬಕಾರವಾಗುವುದುಂಟು. ವನವು ಬನವಾಗಿದೆ, ವಾಪಿಯು ಬಾವಿಯಾಗಿದೆ, ವಸತಿಯು ಬಸದಿಯಾಗಿದೆ. ಆದ್ದರಿಂದ ವಿದುರ ಎಂಬುದು ಬಿದುರ ಆಗಬಾರದೆಂದು ಯಾರೂ ಹೇಳುವಂತಿಲ್ಲ. ಕೇವಲ ಧ್ವನಿಯನ್ನೇ ನಂಬಿದರೆ ವಿದುರನೂ ಬಿದಿರೂ ಸಮಬಲರು. ವಿದರ್ಭದ ವಾದ ಇವೆರಡಕ್ಕಿಂತ ದುರ್ಬಲ. ಅದರ ಕೊನೆಯ ಒತ್ತಕ್ಷರ ಎಲ್ಲಿ ಅಡಗಿತೆಂದು ಹೇಳಬೇಕಾಗುತ್ತದೆ. ಮೇಲಾಗಿ ವಿದರ್ಭವೆಂಬ ಹೆಸರು ಇಂದಿಗೂ ನಾಗಪುರ, ಅಮರಾವತಿಗಳ ಕಡೆಯ ನಾಡಿಗೆ ಅಂಟಿಕೊಂಡೇ ಇದೆ.

ಧ್ವನಿ ಒಂದೇ ಸಾಲದಿದ್ದಾಗ ಸೋದರ ಹೆಸರುಗಳ ಸಾಕ್ಷ್ಯವನ್ನು ಕೇಳುವುದು ವಾಡಿಕೆ. ದಕ್ಷಿಣ ಕನ್ನಡದಲ್ಲಿ ಮೂಡುಬಿದಿರೆಯಿದೆ. ಮೂಡು ಎಂದರೆ ಪೂರ್ವ, ಉಳಿದುದು ಬಿದಿರು. ಆ ಊರನ್ನು ಸಂಸ್ಕೃತದಲ್ಲಿ ಬರೆದವರು ವೇಣುಪುರವೆಂದರು; ವೇಣು ಎಂದರೂ ಬಿದಿರೇ. ಮಲೆನಾಡಿನಲ್ಲಿ ಕೆಳದಿಯ ಅರಸರ ರಾಜಧಾನಿಯಾಗಿದ್ದ ಬಿದನೂರಿಗೂ ವೇಣುಪುರವೆಂಬ ಹೆಸರಿತ್ತು. ಪಂಡಿತರು ಸಂಸ್ಕೃತಕ್ಕೆ ಮಾರ್ಪಡಿಸುವಾಗ ಹೆಸರಿನ ಅರ್ಥವನ್ನು ತಿಳಿದೇ ಮಾರ್ಪಡಿಸಿದರೆಂಬುದಕ್ಕೆ ಇವು ನಿದರ್ಶನ. ಬಿದಿರಿನಿಂದ ಹುಟ್ಟಿದ ಊರುಗಳು ಕರಾವಳಿಯಲ್ಲುಂಟು, ಮಲೆನಾಡಿನಲ್ಲುಂಟು. ಬಯಲುಸೀಮೆಯ ಬೀದರ ಅದೇ ಕುಲದ ಮತ್ತೊಂದು ಕೂಸೆಂದರೆ ಬುದ್ಧಿಗೆ ಒಪ್ಪುತ್ತದೆ. ವಿದುರನ ಹೆಸರಿನ ಊರುಗಳಿಗೆ ಇಂಥ ಬಳಗವಿಲ್ಲ. ಅವನ ಕಥೆಯೆಲ್ಲ ನಡೆದುದು ಹಸ್ತಿನಾಪುರದಲ್ಲಿ.

ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಕನ್ನಡದ ಬಿದಿರಿಗೆ ತೆಲುಗಿನಲ್ಲಿ ವೆದುರು ಎನ್ನುತ್ತಾರೆ; ಉರ್ದುವಿನಲ್ಲಿ ಬಾನ್ಸ್; ಮರಾಠಿಯಲ್ಲಿ ವೇಳೂ, ಕಳಕ. ಬಿದಿರಿನಿಂದ ಬೀದರವಾಗಿದ್ದರೆ ಆ ಹೆಸರನ್ನು ಮೊದಲು ಕೂಗಿದ ಬಾಯಿ ಕನ್ನಡದ ಬಾಯಿಯೇ ಆಗಿರಬೇಕು. ಹೆಸರಿನ ಮೊದಲಿನ ಒಂದು ಬಕಾರ ಇಷ್ಟು ಸಾಕ್ಷಿ ನುಡಿಯುತ್ತದೆ.

ಆದರೆ ಬಿದಿರು ಬೀದರವಾದುದು ಹೇಗೆ? ಇಕಾರ ದೀರ್ಘವಾದುದೇಕೆ, ಎರಡನೆಯ ಇಕಾರ ಅಕಾರವಾದುದೇಕೆ? ಇದಕ್ಕೆ ಪಾರಸಿ ಲಿಪಿಯನ್ನು ನೆನೆಯಬೇಕು. ಆ ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಬಿದಿರ್ ಎಂಬುದನ್ನು ಬ, ದ, ರ ಎಂಬ ಮೂರೇ ಅಕ್ಷರಗಳಲ್ಲಿ ಬರೆದರೆ ಅದು ‘ಬದ್ರ್’, ಅಂದರೆ ಪೂರ್ಣಚಂದ್ರ, ಎಂದಾಗಿಬಿಡುತ್ತದೆ! ಗೊಂದಲ ತಪ್ಪಿಸಲು ಬಕಾರದ ಮುಂದೆ ಒಂದು ಯಕಾರವನ್ನು ಇಟ್ಟರೆ ಓದುವವನು ‘ಬೀ’ ಎಂದು ಎಳೆಯುತ್ತಾನೆ. ಬರೆಯದೆ ಬಿಟ್ಟ ಎರಡನೆಯ ಸ್ವರವನ್ನು ಅಕಾರವೆಂದು ತುಂಬಿಕೊಳ್ಳುತ್ತಾನೆ. ಬೀದರ್ ಎಂಬ ಉಚ್ಚಾರ ದಫ್ತರದಿಂದ ಹೊರಬಿದ್ದು ಜನರ ಬಾಯಿಗೆ ಹೀಗೆ ಬಂದಿರಬಹುದು. ಲಿಪಿಯು ನುಡಿಯನ್ನು ತಿದ್ದುವುದು ಲೋಕದಲ್ಲಿ ಅಪೂರ್ವವೇನಲ್ಲ.

ಇದಕ್ಕಿಂತ ಸ್ವಾರಸ್ಯವಾದದ್ದು ಈ ಹೆಸರು ಬದುಕಿ ಉಳಿದ ರೀತಿ. 15ನೆಯ ಶತಮಾನದ ಪೂರ್ವಾರ್ಧದಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹನು ತನ್ನ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ. ಊರಿಗೆ ಮಹಮ್ಮದಾಬಾದ್ ಎಂಬ ರಾಜಮರ್ಯಾದೆಯ ಹೆಸರು ಬಂದಿತು. ನಾಣ್ಯಗಳ ಮೇಲೆ ಅದೇ ಹೆಸರು ಅಚ್ಚಾಯಿತು. ಅದೇ ಶತಮಾನದಲ್ಲಿ, 1470ರ ಸುಮಾರಿಗೆ, ರಷ್ಯದ ತ್ವೇರ್ ನಗರದ ವರ್ತಕ ಅಫನಾಸಿ ನಿಕಿತಿನ್ ಒಂದು ಕುದುರೆಯನ್ನು ಮಾರುವ ಆಸೆಯಿಂದ ಇಲ್ಲಿಗೆ ಬಂದ. ಸುಲ್ತಾನನ ವೈಭವವನ್ನು ಕಣ್ತುಂಬ ಕಂಡು ತನ್ನ ಪ್ರವಾಸಕಥನದಲ್ಲಿ ಬರೆದಿಟ್ಟ. ಆದರೆ ಅವನು ಬರೆದ ಊರ ಹೆಸರು ಮಹಮ್ಮದಾಬಾದ್ ಅಲ್ಲ, ‘ಬೆದೆರ್’! ನಾಣ್ಯ ಒಂದನ್ನು ಹೇಳುತ್ತಿತ್ತು, ಸಂತೆ ಇನ್ನೊಂದನ್ನು ಹೇಳುತ್ತಿತ್ತು. ಪರದೇಶದ ವರ್ತಕ ಸಂತೆಯ ಮಾತನ್ನು ನಂಬಿದ. 1657ರಲ್ಲಿ ಕೋಟೆ ಔರಂಗಜೇಬನ ವಶವಾದಾಗ ಊರಿಗೆ ವಿಜಯನಗರಿ ಎಂಬರ್ಥದ ಜಫರಾಬಾದ್ ಎಂಬ ಹೆಸರು ಬಂತು. ಅದೂ ನಾಣ್ಯಕ್ಕೆ ಏರಿತು, ಅದೂ ಕಾಲಾಂತರದಲ್ಲಿ ಇಳಿಯಿತು. ಇಬ್ಬರು ಅರಸರ ಮುದ್ರೆಗಳನ್ನು ದಾಟಿ ಬಿದಿರ ಮೆಳೆ ಉಳಿದುಕೊಂಡಿತು.

ರೋಮನರ ಚರಿತ್ರೆಯಲ್ಲಿಯೂ ಇಂಥ ಪ್ರಸಂಗಗಳುಂಟು. ಅವರು ರೈನ್ ನದಿಯ ದಡದ ಒಂದು ಪಟ್ಟಣಕ್ಕೆ ‘ಕೊಲೋನಿಯ ಕ್ಲೌಡಿಯ ಆರ ಅಗ್ರಿಪ್ಪಿನೆನ್ಸಿಯುಮ್’ ಎಂದು ಉದ್ದನೆಯ ಹೆಸರಿಟ್ಟರು. ಚಕ್ರವರ್ತಿ, ಅವನ ರಾಣಿ, ಬಲಿಪೀಠ ಎಲ್ಲವೂ ಅದರಲ್ಲಿ ಸೇರಿದ್ದವು. ಜನರ ಬಾಯಿಯಲ್ಲಿ ಕೊಲೋನಿಯ, ಎಂದರೆ ವಸಾಹತು, ಎಂಬ ಮೊದಲ ಪದವಷ್ಟೇ ಉಳಿದು ಇಂದು ಕಲೋನ್ ಆಗಿದೆ. ನಮ್ಮ ಬಿದನೂರಿನ ಗತಿಯೂ ಅದೇ. 1763ರಲ್ಲಿ ಅದನ್ನು ಗೆದ್ದ ಹೈದರನು ಹೈದರನಗರವೆಂದ; ಜನ ಹೈದರನನ್ನು ಬಿಟ್ಟು ನಗರವನ್ನು ಉಳಿಸಿಕೊಂಡರು. ಇಂದಿಗೂ ಆ ಊರು ಬರಿಯ ನಗರ. ಬಾಯಿಗೆ ಭಾರವಾದುದನ್ನು ಜನ ಕೆಳಗಿಳಿಸುವರು, ದಿನಬಳಕೆಗೆ ಬೇಕಾದಷ್ಟನ್ನು ಹೊರುವರು.

ಹೆಸರಿನ ವ್ಯಾಕರಣವೆಂದರೆ ವ್ಯುತ್ಪತ್ತಿಯಷ್ಟೇ ಅಲ್ಲ. ಅದಕ್ಕೆ ಹತ್ತುವ ವಿಭಕ್ತಿಯೂ ಅದರಲ್ಲಿ ಸೇರಿತು. ಲ್ಯಾಟಿನ್ ಕಲಿಯುವ ವಿದ್ಯಾರ್ಥಿಗೆ ಮೊದಲೇ ಹೇಳಿಕೊಡುವ ಒಂದು ವಿಶೇಷವಿದೆ: ಮಿಕ್ಕ ಪದಗಳಿಗೆ ಬೇಕಾಗುವ ಉಪಸರ್ಗ ಊರ ಹೆಸರಿಗೆ ಬೇಡ. ರೋಮಾ ಎಂದರೆ ರೋಮ್ ನಗರ, ರೋಮಮ್ ಎಂದರೆ ರೋಮಿಗೆ, ರೋಮೈ ಎಂದರೆ ರೋಮಿನಲ್ಲಿ. ಕೆಲವು ಹೆಸರುಗಳು ವಿಭಕ್ತಿಯ ರೂಪದಲ್ಲಿಯೇ ಹೆಪ್ಪುಗಟ್ಟಿದುದೂ ಉಂಟು. ‘ಆಕ್ವೈ’ ಎಂದರೆ ನೀರುಗಳು. ‘ನೀರುಗಳಲ್ಲಿ’ ಎಂಬರ್ಥದ ‘ಆಕ್ವಿಸ್’ ಎಂಬ ರೂಪ ಫ್ರಾನ್ಸಿನಲ್ಲಿ ಸವೆದು ಸವೆದು ‘ಎಕ್ಸ್’ ಎಂಬ ಊರಾಗಿದೆ.

ಕನ್ನಡದಲ್ಲಿ ಚತುರ್ಥಿಯ ಪ್ರತ್ಯಯ ಹೆಸರಿನ ಕೊನೆಯನ್ನು ಬಯಲು ಮಾಡುತ್ತದೆ. ಅಕಾರಾಂತವಾದ ನಪುಂಸಕಕ್ಕೆ ‘ಕ್ಕೆ’ ಹತ್ತುವುದು: ಮರಕ್ಕೆ, ಹೊಲಕ್ಕೆ. ಉಳಿದವಕ್ಕೆ ‘ಗೆ’, ‘ಇಗೆ’: ಊರಿಗೆ, ಕೆರೆಗೆ. ಬೆಂಗಳೂರಿನ ಪತ್ರಿಕೆ ‘ಬೀದರಿಗೆ ಸಚಿವರ ಭೇಟಿ’ ಎಂದು ಅಚ್ಚು ಹಾಕುತ್ತದೆ. ಹಳ್ಳಿಯಿಂದ ಬಸ್ಸು ಹತ್ತುವವನು ‘ಬೀದರಕ್ಕ ಹೊಂಟೀನಿ’ ಎನ್ನುತ್ತಾನೆ. ಮೊದಲನೆಯವರಿಗೆ ಅದು ರಕಾರದಲ್ಲಿ ಮುಗಿಯುವ ಬೀದರ್. ಎರಡನೆಯವನಿಗೆ ಅಕಾರದಲ್ಲಿ ಮುಗಿಯುವ ಬೀದರ. ಎರಡೂ ವ್ಯಾಕರಣಕ್ಕೆ ಸಮ್ಮತವೇ. ಆದರೆ ಹಳಗನ್ನಡದ ‘ಬಿದಿರ್’ ಎಂಬ ಪದಕ್ಕೆ ಷಷ್ಠಿಯ ಅಕಾರ ಹತ್ತಿದರೆ ‘ಬಿದಿರ’ ಆಗುತ್ತದೆಂಬುದನ್ನು ನೆನೆದರೆ, ಹಳ್ಳಿಯವನ ನಾಲಗೆಯಲ್ಲಿ ‘ಬಿದಿರ ಎಡೆ’ ಎಂಬ ಹಳೆಯ ಪದಗುಚ್ಛದ ಅರ್ಧಭಾಗ ಉಳಿದಿದ್ದರೂ ಇರಬಹುದೆನಿಸುತ್ತದೆ. ಹಳ್ಳಿಯ ಮಾತು ಅಶುದ್ಧವೆಂದು ತಿದ್ದಹೊರಡುವವರು ಇದನ್ನು ಲಕ್ಷಿಸಬೇಕು.

ಊರಿನಿಂದ ವಸ್ತುವಿಗೂ ಜನರಿಗೂ ಹೆಸರು ಹುಟ್ಟುವ ಬಗೆಯೂ ರಮ್ಯವಾದುದು. ಸತುವು, ತಾಮ್ರಗಳ ಎರಕದ ಮೇಲೆ ಬೆಳ್ಳಿಯ ಕುಸುರಿ ಹೂಡಿ, ಕೋಟೆಯ ಮಣ್ಣಿನಿಂದ ಕಪ್ಪೇರಿಸುವ ಕಲೆಗೆ ಬಿದರಿ ಎಂದು ಹೆಸರು. ಕೊನೆಯ ‘ಈ’ ಪಾರಸಿಯ ತದ್ಧಿತ. ‘ಬೀದರಿಗೆ ಸೇರಿದ್ದು’ ಎಂದು ಅದರ ಅರ್ಥ. ಅದೇ ಸಂಬಂಧವನ್ನು ಕನ್ನಡಿಗ ‘ಬೀದರದವರು’ ಎಂದು ಹೇಳಿದರೆ ಮರಾಠಿಗ ‘ಬೀದರಕರ’ ಎನ್ನುತ್ತಾನೆ. ಒಂದು ಊರಿಗೆ ಮೂರು ತದ್ಧಿತಗಳು. ಮೂರನ್ನೂ ಅಲ್ಲಿಯ ಜನ ಬೇಕಾದಾಗ ಬೇಕಾದಂತೆ ಬಳಸುತ್ತಾರೆ.

ಭಾಲ್ಕಿಯ ಕಡೆ ತಿರುಗಿದರೆ ಬಾಗಿಲಲ್ಲೇ ಒಂದು ಮಹಾಪ್ರಾಣ ಎದುರಾಗುತ್ತದೆ. ಅಚ್ಚಗನ್ನಡದ ಪದಗಳು ಭಕಾರದಿಂದ ಮೊದಲಾಗುವುದಿಲ್ಲ. ಆದ್ದರಿಂದ ಈ ಹೆಸರಿನ ಮೂಲವನ್ನು ಅರಸುವವರಿಗೆ ಎರಡೇ ದಾರಿ. ಒಂದು, ಸಂಸ್ಕೃತದಿಂದಲೋ ಪ್ರಾಕೃತದಿಂದಲೋ ಬಂದ ಪದವೆಂದು ಒಪ್ಪುವುದು. ಇನ್ನೊಂದು, ಮೊದಲಿದ್ದ ಬಕಾರಕ್ಕೆ ಬರೆಹಗಾರರು ಮಹಾಪ್ರಾಣವನ್ನು ತೊಡಿಸಿದರೆಂದು ಭಾವಿಸುವುದು. ಬಾವಿಯನ್ನು ‘ಭಾವಿ’ ಎಂದು ಬರೆದು ಸಂಭ್ರಮಿಸುವ ಜನ ಎಲ್ಲ ಕಾಲಕ್ಕೂ ಇದ್ದಾರೆ. ಇವೆರಡರಲ್ಲಿ ಒಂದನ್ನು ಆರಿಸುವ ಮೊದಲೇ ‘ಭಲೇ’ ಎಂಬ ಉದ್ಗಾರದಿಂದಲೋ ‘ಭಾಲ’ವೆಂಬ ಹಣೆಯಿಂದಲೋ ಊರನ್ನು ಹುಟ್ಟಿಸುವುದು ಬರಿಯ ಶಬ್ದವಿನೋದ.

ಭಾಲ್ಕಿ ತಾಲೂಕಿನಲ್ಲಿ ಖಟಕ ಚಿಂಚೋಳಿ ಎಂಬ ಊರಿದೆ. ಔರಾದ ತಾಲೂಕಿನಲ್ಲಿ ಚಿಂತಾಕಿ ಎಂಬುದಿದೆ. ಮರಾಠಿಯಲ್ಲಿ ಹುಣಿಸೆಗೆ ಚಿಂಚ ಎನ್ನುವರು, ತೆಲುಗಿನಲ್ಲಿ ಚಿಂತ ಎನ್ನುವರು. ಹುಣಸೂರು, ಹುಣಸಗಿಗಳನ್ನು ಬಲ್ಲ ಕನ್ನಡಿಗನಿಗೆ ಈ ಎರಡೂ ಹೆಸರುಗಳ ನೆರಳು ಪರಿಚಿತವಾಗಿಯೇ ತೋರುತ್ತದೆ. ಭಾಷೆಗಳು ಬೇರೆಯಾದರೂ ಜನ ಕೂತದ್ದು ಒಂದೇ ಜಾತಿಯ ಮರದ ಕೆಳಗೆ. ಔರಾದದ ಕಡೆಯ ನಾಗಮಾರಪಳ್ಳಿಯನ್ನೂ ಗಮನಿಸಬಹುದು. ಕನ್ನಡದ ಪಕಾರ ಹಕಾರವಾಗಿ ಪಳ್ಳಿಯು ಹಳ್ಳಿಯಾಗಿ ಎಷ್ಟೋ ಶತಮಾನ ಕಳೆದಿದ್ದರೂ, ಪಕಾರವನ್ನು ಬಿಡದ ತೆಲುಗಿನ ನೆರೆಯಲ್ಲಿ ಪಳ್ಳಿ ಪಳ್ಳಿಯಾಗಿಯೇ ಇದೆ.

ಇನ್ನು ಔರಾದ. ಅಲ್ಲಿ ಅಮರೇಶ್ವರನ ಗುಡಿಯಿದೆ, ವರ್ಷಕ್ಕೊಮ್ಮೆ ಜಾತ್ರೆ ನೆರೆಯುತ್ತದೆ. ಅಮರೇಶ್ವರನಿಂದಲೇ ಊರಿಗೆ ಹೆಸರು ಬಂದಿತೆನ್ನಲು ಭಕ್ತರಿಗೆ ಆಸೆಯಾಗುವುದು ಸಹಜ. ನುಡಿಯ ನಿಯಮ ಇದಕ್ಕೆ ಅಡ್ಡಿಯೇನೂ ಮಾಡುವುದಿಲ್ಲ. ಎರಡು ಸ್ವರಗಳ ನಡುವಣ ಮಕಾರ ವಕಾರವಾಗುವುದುಂಟು. ಕುಮಾರನು ಕುವರನಾದುದು ಹಾಗೆ. ‘ಅವ’ ಎಂಬುದು ಕುಗ್ಗಿ ‘ಔ’ ಆಗುವುದೂ ಉಂಟು. ಸವತೆ ಸೌತೆಯಾಗಿದೆ, ಗಾವುಂಡ ಗೌಡನಾಗಿದ್ದಾನೆ. ಅದೇ ತಾಲೂಕಿನ ಕೌಠಾ ಎಂಬ ಊರನ್ನು ನೋಡಿದರೆ ಮರಾಠಿಯ ಕವಠ, ಎಂದರೆ ಬೇಲದ ಮರ, ನೆನಪಾಗದಿರದು. ಆದರೆ ಔರಾದ ಒಂದೇ ಇಲ್ಲ. ಗಡಿಯಾಚೆ ಲಾತೂರು ಜಿಲ್ಲೆಯಲ್ಲಿ ಔರಾದ ಶಹಾಜಾನಿಯಿದೆ; ಕಲಬುರಗಿಯ ಬಳಿ ಅವರಾದವಿದೆ; ಬೆಳಗಾವಿಯ ಕಡೆ ಅವರಾದಿಯಿದೆ. ಒಂದು ಗುಡಿಯ ದೇವರು ಇಷ್ಟು ಊರುಗಳಿಗೆ ಹೆಸರು ಕೊಟ್ಟನೆನ್ನುವುದು ಕಷ್ಟ. ಒಂದು ಹೆಸರು ಹತ್ತು ಕಡೆ ಕಾಣಿಸಿಕೊಂಡರೆ ಅದರ ಅರ್ಥವೂ ಹತ್ತು ಕಡೆ ಹೊಂದುವಂಥ ಸಾಮಾನ್ಯ ವಸ್ತುವಾಗಿರಬೇಕು: ಒಂದು ಬಗೆಯ ನೆಲ, ಬೆಳೆ, ಇಲ್ಲವೆ ವಸತಿ. ಬಿದಿರಿಗೆ ಜಯ ಕೊಟ್ಟ ನಿಯಮವೇ ಇಲ್ಲಿ ಅಮರೇಶ್ವರನ ಕಥೆಯನ್ನು ತಡೆದು ನಿಲ್ಲಿಸುತ್ತದೆ. ಇದರಿಂದ ದೇವರ ಮಹಿಮೆಗೆ ಕುಂದಿಲ್ಲ; ಊರ ಹೆಸರು ಬೇರೆ, ಊರ ದೇವರು ಬೇರೆ.

ಈ ಸೀಮೆಯ ಮತ್ತೊಂದು ವಿಶೇಷ, ಊರ ಹೆಸರಿಗೆ ಬಾಲದಂತೆ ಹತ್ತಿರುವ ಕಂಸದೊಳಗಿನ ಅಕ್ಷರ. ಹುಮನಾಬಾದ ತಾಲೂಕಿನಲ್ಲಿ ಹಳ್ಳಿಖೇಡ (ಬಿ) ಎಂದೊಂದು, ಹಳ್ಳಿಖೇಡ (ಕೆ) ಎಂದೊಂದು ಊರುಂಟು. ಮೊದಲು ಹೆಸರನ್ನೇ ಬಿಡಿಸಿ ನೋಡಬೇಕು. ಕನ್ನಡದ ಹಳ್ಳಿ ಎಂದರೂ ಗ್ರಾಮ, ಮರಾಠಿಯ ಖೇಡ ಎಂದರೂ ಗ್ರಾಮ; ಎರಡು ಭಾಷೆಗಳವರು ತಂತಮ್ಮ ಪದವನ್ನು ಬಿಡದೆ ಜೋಡಿಸಿದಂತಿದೆ. ಇಂಗ್ಲೆಂಡಿನಲ್ಲಿ ಏವನ್ ಎಂಬ ನದಿಯ ಕಥೆಯೂ ಹೀಗೆಯೇ. ಅಲ್ಲಿಯ ಹಳೆಯ ನುಡಿಯಲ್ಲಿ ಆ ಪದಕ್ಕೆ ನದಿಯೆಂದೇ ಅರ್ಥ. ಇನ್ನು ‘ಬಿ’ ಎಂದರೆ ಬುಜುರ್ಗ್, ಹಿರಿದು. ‘ಕೆ’ ಎಂದರೆ ಖುರ್ದ್, ಕಿರಿದು. ಎರಡೂ ಪಾರಸಿ ಪದಗಳು. ಕನ್ನಡಿಗರು ಹಿರೇಮಗಳೂರು, ಚಿಕ್ಕಮಗಳೂರು ಎಂದು ಮಾಡಿದ ವಿಂಗಡಣೆಯೇ ಇದು. ಎಲ್ಲ ಅಕ್ಷರಗಳಿಗೂ ಇದೇ ಅರ್ಥವೆಂದು ತಿಳಿಯಬಾರದು. ಬೀದರ ತಾಲೂಕಿನಲ್ಲಿ ಸಿರ್ಸಿ (ಎ), ಔರಾದ (ಎಸ್) ಎಂಬ ಎರಡು ಊರುಗಳಿವೆ. ಅಲ್ಲಿ ನೆರೆಯ ಊರಿನ ಮೊದಲಕ್ಷರವನ್ನು ಹಿಡಿದು ಪರಸ್ಪರ ಗುರುತು ಹೇಳಿಕೊಳ್ಳುತ್ತವೆ.

ಪಾರಸಿಯ ಪದ ಮೊದಲು ಉರ್ದು ದಫ್ತರಕ್ಕೆ ಬಂದಿತು; ಅಲ್ಲಿಂದ ಇಂಗ್ಲಿಷ್ ಅಕ್ಷರಕ್ಕೆ ಕುಗ್ಗಿತು; ಆ ಇಂಗ್ಲಿಷ್ ಅಕ್ಷರದ ಉಚ್ಚಾರವನ್ನು ಈಗ ಕನ್ನಡದಲ್ಲಿ ಬರೆಯುತ್ತಾರೆ. ಇಷ್ಟು ಪ್ರಯಾಣದಲ್ಲಿ ಅರ್ಥ ದಾರಿಯಲ್ಲೇ ಬಿದ್ದುಹೋಯಿತು. ಆ ಊರಿನ ಶಾಲೆಯ ಹುಡುಗನಿಗೆ ‘ಬಿ’ ಎಂದರೆ ವರ್ಗದ ಬಿ ವಿಭಾಗದಂತೆ ಒಂದು ಅಕ್ಷರ, ಅಷ್ಟೆ. ತನ್ನದು ಹಿರಿಯ ಊರೆಂಬ ಹೆಮ್ಮೆ ಅವನಿಗೆ ತಿಳಿಯದೆಯೇ ಕಳೆದುಹೋಗಿದೆ.

ಹೆಸರನ್ನು ಬಲ್ಲವರು ಅದನ್ನು ಜಗಳಕ್ಕೂ ಬಳಸಬಲ್ಲರೆಂಬುದು ನಿಜ. 1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರು ರಾಜ್ಯಕ್ಕೆ ಸೇರಿದವು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿಗೆ ಹೋದವು. ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೆ ಹೋದವು. ಹೆಸರುಗಳು ಈ ಗೆರೆಯನ್ನು ಅನುಸರಿಸಲಿಲ್ಲ. ಶಂ. ಬಾ. ಜೋಶಿಯವರು ‘ಎಡೆಗಳು ಹೇಳುವ ಕಂನಾಡ ಕಥೆ’ಯಲ್ಲಿ ಊರ ಹೆಸರುಗಳ ಸಾಕ್ಷ್ಯದಿಂದ ಕನ್ನಡದ ಹಳೆಯ ವ್ಯಾಪ್ತಿಯನ್ನು ಶೋಧಿಸಿದರು, ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡೆಂದ ಕವಿರಾಜಮಾರ್ಗದ ಮಾತಿಗೆ ಅಂಥ ಶೋಧ ಅರ್ಥ ತುಂಬುತ್ತದೆ. ಆದರೆ ಹೆಸರು ಹೇಳುವುದು ಒಂದು ಕಾಲದಲ್ಲಿ ಅಲ್ಲಿ ಯಾರು ನುಡಿಯುತ್ತಿದ್ದರೆಂಬುದನ್ನು. ಇಂದು ಅಲ್ಲಿ ಯಾರು ಬಾಳಬೇಕೆಂಬುದನ್ನಲ್ಲ. ಚಿಂಚೋಳಿ ಕರ್ನಾಟಕದಲ್ಲಿದ್ದರೆ ಮರಾಠಿಗರು ಕೋಪಿಸಿಕೊಳ್ಳಬೇಕಿಲ್ಲ. ಗಡಿಯಾಚೆ ಒಂದು ಹಳ್ಳಿ ಕಂಡರೆ ಕನ್ನಡಿಗರು ದಾವೆ ಹೂಡಬೇಕಿಲ್ಲ.

ಫಲಕದ ಮೇಲಿನ ಹೆಸರಿಗೂ ಒಳಗಿನ ಬದುಕಿಗೂ ಇರುವ ಅಂತರವನ್ನು ಈ ಸೀಮೆ ಚೆನ್ನಾಗಿ ಬಲ್ಲದು. ನಿಜಾಮರ ಆಳಿಕೆಯಲ್ಲಿ, ಉರ್ದುವೇ ಶಿಕ್ಷಣದ ಭಾಷೆಯಾಗಿದ್ದ ಕಾಲದಲ್ಲಿ, ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು (1889–1999) ಹೊರಗೆ ಉರ್ದು ಫಲಕವನ್ನು ತೂಗುಹಾಕಿಸಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಫಲಕ ನೋಡಿದ ಅಧಿಕಾರಿ ತೃಪ್ತನಾದ. ಒಳಗೆ ಕುಳಿತ ಮಕ್ಕಳು ಅಕ್ಷರಸ್ಥರಾದರು. ಮಹಮ್ಮದಾಬಾದಿನ ನಾಣ್ಯದ ಅಡಿಯಲ್ಲಿ ಬೀದರ ಉಳಿದಂತೆ, ಆ ಫಲಕದ ಅಡಿಯಲ್ಲಿ ಕನ್ನಡ ಉಳಿಯಿತು.

2014ರ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಇಂಗ್ಲಿಷ್ ಹೆಸರುಗಳನ್ನು ಕನ್ನಡದ ಉಚ್ಚಾರಕ್ಕೆ ತಿದ್ದಿದಾಗ ಗುಲ್ಬರ್ಗವು ಕಲಬುರಗಿಯಾಯಿತು. ಬೀದರ ಆ ಪಟ್ಟಿಯಲ್ಲಿರಲಿಲ್ಲ. ಸರ್ಕಾರದ ಪಟ್ಟಿಯಲ್ಲಿ ಸೇರಿದ ಹೆಸರುಗಳಿಗೆ ಅಪಾಯ ಕಡಿಮೆ. ಪಟ್ಟಿಯಲ್ಲಿಲ್ಲದ ಚಿಕ್ಕ ಹೆಸರುಗಳ ಪಾಡು ಬೇರೆ: ಹೊಲದ ಹೆಸರು, ಹಳ್ಳದ ಹೆಸರು, ಬಾವಿಯ ಹೆಸರು, ಊರ ಹೊರಗಿನ ಒಂಟಿ ಮರದ ಹೆಸರು. ಹೊಲಕ್ಕೆ ಸರ್ವೆ ನಂಬರು ಬಂದ ಮೇಲೆ ಅದರ ಹೆಸರನ್ನು ಬಲ್ಲವರು ಮನೆಯ ಅಜ್ಜ ಅಜ್ಜಿಯರು ಮಾತ್ರ. ಇಂಗ್ಲೆಂಡಿನಲ್ಲಿ ಊರ ಹೆಸರುಗಳನ್ನು ಶೋಧಿಸಲೆಂದೇ 1923ರಲ್ಲಿ ಒಂದು ಸಂಘ ಸ್ಥಾಪನೆಯಾಗಿ, ಪ್ರಾಂತ ಪ್ರಾಂತದ ಹೆಸರುಗಳನ್ನು ಸಂಪುಟ ಸಂಪುಟವಾಗಿ ಪ್ರಕಟಿಸಿದೆ. ನಮ್ಮಲ್ಲಿ ಅಷ್ಟು ದೊಡ್ಡ ಕೆಲಸಕ್ಕೆ ಕಾಯಬೇಕಾದುದಿಲ್ಲ. ಬೇಸಿಗೆಯ ರಜೆಯಲ್ಲಿ ಹಳ್ಳಿಗೆ ಹೋಗುವ ಮಕ್ಕಳ ಕೈಗೆ ಒಂದು ನೋಟುಬುಕ್ಕು ಕೊಟ್ಟರೆ ಸಾಕು. ಅಜ್ಜಿ ಹೇಳಿದ ಹೊಲದ ಹೆಸರನ್ನು ಅಜ್ಜಿಯ ಉಚ್ಚಾರದಲ್ಲಿಯೇ ಬರೆದುಕೊಳ್ಳಲಿ. ‘ಅದಕ್ಕ’ ಎಂದರೆ ‘ಅದಕ್ಕೆ’ ಎಂದು ತಿದ್ದದಿರಲಿ. ಅಲ್ಲಿಗೆ ಹೋಗುವುದನ್ನು ಅಜ್ಜಿ ಹೇಗೆ ಹೇಳುತ್ತಾರೆ, ಅಲ್ಲಿಂದ ಬಂದುದನ್ನು ಹೇಗೆ ಹೇಳುತ್ತಾರೆ ಎಂಬುದನ್ನೂ ಕೇಳಿ ಬರೆಯಲಿ. ವಿಭಕ್ತಿಯಲ್ಲಿಯೇ ಹೆಸರಿನ ಹಳೆಯ ರೂಪ ಅಡಗಿರುವುದುಂಟು. ವ್ಯುತ್ಪತ್ತಿಯನ್ನು ಹುಡುಕುವ ಕೆಲಸ ಆಮೇಲಾದರೂ ಆದೀತು. ಹೆಸರನ್ನು ಹೇಳುವ ಬಾಯಿ ಮಾತ್ರ ಎಲ್ಲ ಬೇಸಿಗೆಗೂ ಸಿಕ್ಕುವುದಿಲ್ಲ.